ನಾಲ್ಕು ಅಡಿ ಅಗಲದ ಟಿವಿ: ಮಾರುವವರಿಗೆ ಒಂದು ಬಹಿರಂಗ ಪತ್ರ

ಷೋರೂಮುಗಳಲ್ಲಿ ಟಿವಿ ಮಾರುವ ತಮ್ಮಂದಿರಿಗೆ, ತಂಗಿಯರಿಗೆ,



ಮೂವತ್ತರಿಂದ ನಲವತ್ತು ಸಾವಿರ ರೂಪಾಯಿ ಹೊಂದಿಸಿಕೊಂಡು ದೊಡ್ಡ ಟಿವಿ ಕೊಳ್ಳಲು ಬರುವ ಮನೆಯವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಆ ದುಡ್ಡು ಚೀಟಿ ಎತ್ತಿ ಬಂದದ್ದಿರಬಹುದು, ಸಂಘದ ಸಾಲವಿರಬಹುದು, ಕೊಬ್ಬರಿ ಮಾರಿದ್ದಿರಬಹುದು, ಬೆಂಗಳೂರಿನಲ್ಲಿ ದುಡಿಯುವ ಮಗಳು ಕಳಿಸಿದ್ದಿರಬಹುದು. ಎಲ್ಲಿಂದಲೇ ಬಂದಿರಲಿ, ಅದು ಮತ್ತೆ ಬೇಗ ಹುಟ್ಟುವ ದುಡ್ಡಲ್ಲ. ಆ ಮನೆಗೆ ಇನ್ನು ಏಳೆಂಟು ವರ್ಷ ಮತ್ತೊಂದು ಟಿವಿ ಬರುವುದಿಲ್ಲ. ಅವರು ನಿಮ್ಮೆದುರು ನಿಲ್ಲುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ನೀವು ಏನು ತೋರಿಸಿದಿರಿ, ಏನು ಹೇಳಿದಿರಿ, ಏನು ಹೇಳದೆ ಬಿಟ್ಟಿರಿ ಎಂಬುದರ ಮೇಲೆ ಅವರ ಏಳೆಂಟು ವರ್ಷದ ಸಂಜೆಗಳು ನಿಂತಿವೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಮ್ಮ ಬೀದಿಯಲ್ಲಿ ಯಾರು ಟಿವಿ, ಫ್ರಿಜ್ಜು ಕೊಳ್ಳಲು ಹೊರಟರೂ "ಮೇಡಂ, ನೀವೂ ಒಂದ್ಸಲ ಬನ್ನಿ" ಎಂದು ಕರೆಯುತ್ತಾರೆ. ಹಾಗಾಗಿ ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡಿದ್ದೇನೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುತ್ತೀರಿ. ತಿಂಗಳ ಟಾರ್ಗೆಟ್ ಬೆನ್ನಿಗಿರುತ್ತದೆ. ನಿಮ್ಮಲ್ಲಿ ಹಲವರಿಗೆ ಸಂಬಳ ಕೊಡುವುದು ಅಂಗಡಿಯವರಲ್ಲ, ಟಿವಿ ಕಂಪನಿಯವರು ಎಂಬುದೂ ನನಗೆ ಗೊತ್ತು. ನಿಮ್ಮನ್ನು ದೂರಲು ನಾನು ಕೂತಿಲ್ಲ. ಕಂಪನಿಯ ಮಾಲೀಕರು ಆ ಕುಟುಂಬದ ಮುಖ ನೋಡುವುದಿಲ್ಲ, ನೀವು ನೋಡುತ್ತೀರಿ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಗೋಡೆಯ ಮೇಲೆ ಓಡುವ ಚಿತ್ರದ ವಿಚಾರ. ಸಾಲಾಗಿ ತೂಗುಹಾಕಿದ ಎಲ್ಲ ಟಿವಿಗಳಲ್ಲೂ ಕಂಪನಿಯೇ ಪೆನ್‌ಡ್ರೈವಿನಲ್ಲಿ ಕಳಿಸಿದ ವಿಡಿಯೊ ಓಡುತ್ತಿರುತ್ತದೆ: ಹೂವಿನ ಮೇಲೆ ಕೂತ ಜೇನ್ನೊಣ, ಬಣ್ಣದ ಗಿಣಿ, ರಾತ್ರಿಯ ದೀಪಗಳಲ್ಲಿ ಹೊಳೆಯುವ ಪರದೇಶದ ಊರು. ಒಳ್ಳೆಯ ಕ್ಯಾಮೆರಾದಲ್ಲಿ, 4ಕೆಯಲ್ಲಿ, ಟಿವಿ ಮಾರುವುದಕ್ಕಾಗಿಯೇ ತೆಗೆದ ಚಿತ್ರ ಅದು. ಆ ಮನೆಯಲ್ಲಿ ಸಂಜೆ ಏಳಕ್ಕೆ ಹಚ್ಚುವುದು ಧಾರಾವಾಹಿ. ಆಮೇಲೆ ನ್ಯೂಸ್. ಭಾನುವಾರ ರಾಜ್‌ಕುಮಾರ್ ಸಿನಿಮಾ. ಮಕ್ಕಳ ಕೈಗೆ ರಿಮೋಟ್ ಸಿಕ್ಕಾಗ ಯೂಟ್ಯೂಬ್, ಬೇಸಿಗೆಯಲ್ಲಿ ಆರ್‌ಸಿಬಿ ಮ್ಯಾಚು. ಇವುಗಳಲ್ಲಿ ಬಹುಪಾಲು ಆ ಮನೆಗೆ ಬರುವುದು ಕೇಬಲ್ಲಿನಿಂದ ಅಥವಾ ಡಿಶ್‌ನಿಂದ, ಅದೂ ಸಾಮಾನ್ಯ ಎಸ್‌ಡಿ ಚಾನೆಲ್ಲಾಗಿ.

ಇಲ್ಲಿ ಒಂದು ಸರಳ ಲೆಕ್ಕವಿದೆ. ನಮ್ಮ ದೇಶದ ಎಸ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. ಗುಣಿಸಿದರೆ 4,14,720. ನೀವು ಮಾರುವ 4ಕೆ ಟಿವಿಯ ಪರದೆಯಲ್ಲಿ 3840 ಗುಣಿಸು 2160, ಅಂದರೆ 82,94,400 ಚುಕ್ಕೆ. ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿ, ಶೇಷವಿಲ್ಲದೆ 20 ಬರುತ್ತದೆ. ಚಾನೆಲ್ಲಿನಿಂದ ಬಂದ ಪ್ರತಿಯೊಂದು ಚುಕ್ಕೆಗೆ ಟಿವಿ ತಾನೇ ಊಹಿಸಿ ಹತ್ತೊಂಬತ್ತು ಚುಕ್ಕೆ ಸೇರಿಸಬೇಕು. ಒಂದು ಲೋಟ ಹಾಲಿಗೆ ಹತ್ತೊಂಬತ್ತು ಲೋಟ ನೀರು ಬೆರೆಸಿದಂತೆ. ಪರದೆ ದೊಡ್ಡದಾದಷ್ಟೂ ಈ ನೀರು ಕಣ್ಣಿಗೆ ಹೆಚ್ಚು ಕಾಣುತ್ತದೆ. ಡಬ್ಬ ಟಿವಿಯಲ್ಲಿ, 32 ಇಂಚಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಅದೇ ಧಾರಾವಾಹಿ 55 ಇಂಚಿನಲ್ಲಿ ಮಂಜು ಮಂಜಾಗಿ, ಮುಖದ ಅಂಚುಗಳು ಒಡೆದು ಕಾಣುವುದು ಇದಕ್ಕೇ. ಮನೆಯವರು ಟಿವಿ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಟಿವಿ ಸರಿಯಾಗಿಯೇ ಇರುತ್ತದೆ.

ಈ ಮಾತನ್ನು ಕೊಳ್ಳುವ ಮೊದಲೇ ಹೇಳಿದರೆ ಪರಿಹಾರವಿದೆ, ಅದೂ ಕೈಗೆಟಕುವ ಬೆಲೆಯಲ್ಲಿ. ಕೇಬಲ್‌ನವರನ್ನೋ ಡಿಶ್‌ನವರನ್ನೋ ಕೇಳಿ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಹಾಕಿಸಿಕೊಂಡು, ಮನೆಯವರು ದಿನವೂ ನೋಡುವ ಎರಡು ಮೂರು ಕನ್ನಡ ಚಾನೆಲ್ಲುಗಳ ಎಚ್‌ಡಿ ಆವೃತ್ತಿ ತೆಗೆದುಕೊಂಡರೆ ಸಾಕು. ಕಲರ್ಸ್ ಕನ್ನಡ, ಜೀ ಕನ್ನಡ ಎರಡೂ ಎಚ್‌ಡಿಯಲ್ಲಿ ಸಿಗುತ್ತವೆ. ಬಾಕ್ಸಿನಿಂದ ಟಿವಿಗೆ ಎಚ್‌ಡಿಎಂಐ ತಂತಿಯನ್ನೇ ಹಾಕಬೇಕು. ಹಳದಿ, ಕೆಂಪು, ಬಿಳಿ ಪಿನ್ನಿನ ಹಳೆಯ ತಂತಿಯಲ್ಲಿ ಎಚ್‌ಡಿ ಚಿತ್ರ ಹರಿಯುವುದಿಲ್ಲ. ಎಚ್‌ಡಿ ಬಾಕ್ಸಿಗೂ ಎಚ್‌ಡಿ ಚಾನೆಲ್ಲಿಗೂ ತಿಂಗಳು ತಿಂಗಳು ದುಡ್ಡು ಕಟ್ಟಿ, ಆ ಮೂರು ಬಣ್ಣದ ತಂತಿಯಲ್ಲೇ ನೋಡುತ್ತಿರುವ ಮನೆಗಳನ್ನು ನಾನು ಕಂಡಿದ್ದೇನೆ. ಫಿಟಿಂಗಿಗೆ ಬಂದ ಹುಡುಗ ಎರಡು ನಿಮಿಷದಲ್ಲಿ ಹೇಳಬಹುದಾಗಿದ್ದ ಮಾತು ಅದು.

ಈಗ ಅಳತೆ. ಟಿವಿಯ ಇಂಚು ಮೂಲೆಯಿಂದ ಮೂಲೆಗೆ ಎಂಬುದು ನಿಮಗೆ ಗೊತ್ತು. ಬರುವವರಲ್ಲಿ ಹಲವರಿಗೆ ಗೊತ್ತಿಲ್ಲ. 43 ಇಂಚಿನ ಪರದೆ 95 ಸೆಂಟಿಮೀಟರ್ ಅಗಲ, 55 ಇಂಚಿನದು ಸುಮಾರು 122, ಅಂದರೆ ಹೆಚ್ಚುಕಡಿಮೆ ನಾಲ್ಕು ಅಡಿ. 43ರಿಂದ 55ಕ್ಕೆ ಹೋದರೆ ಹನ್ನೆರಡೇ ಇಂಚು ಎಂದು ಕೇಳಿಸುತ್ತದೆ, ಪರದೆಯ ವಿಸ್ತೀರ್ಣ ಮಾತ್ರ ಶೇಕಡ 60ಕ್ಕೂ ಮೀರಿ ಹೆಚ್ಚುತ್ತದೆ. ನಮ್ಮ ಕಡೆ ಹದಿನೈದು ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಮನೆಗಳ ಹಾಲ್‌ನಲ್ಲಿ ಮರದ ಷೋಕೇಸ್ ಇರುತ್ತದೆ, ನಡುವೆ ಟಿವಿಗೆಂದೇ ಬಿಟ್ಟ ಗೂಡು. ಅದು ಡಬ್ಬ ಟಿವಿಯ ಕಾಲದ ಗೂಡು. ಹೊಸ ಟಿವಿ ಮನೆಗೆ ಬಂದ ಮೇಲೆ ಬಡಗಿಯನ್ನು ಕರೆಸಿ ಷೋಕೇಸ್ ಕೊಯ್ಯಿಸುವ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. "ಗೂಡಿನ ಅಗಲ ಎಷ್ಟಿದೆ, ಮನೆಗೆ ಫೋನ್ ಮಾಡಿ ಕೇಳಿ" ಎಂದು ನೀವು ಒಂದು ಮಾತು ಹೇಳಿದರೆ ಸಾಕು.

ದೂರದ ಲೆಕ್ಕ ಇನ್ನೂ ಮುಖ್ಯ. ಪರದೆ ನಮ್ಮ ಕಣ್ಣಿನೆದುರು ಸುಮಾರು 30 ಡಿಗ್ರಿಯಷ್ಟು ಜಾಗ ತುಂಬಿದರೆ ಸಿನಿಮಾ ನೋಡುವುದಕ್ಕೆ ಹಿತ ಎಂಬುದು ಚಿತ್ರತಂತ್ರಜ್ಞರು ಬಹುಕಾಲದಿಂದ ಇಟ್ಟುಕೊಂಡಿರುವ ಅಳತೆ. ಬಾಯಿಲೆಕ್ಕದಲ್ಲಿ ಹೇಳುವುದಾದರೆ ಟಿವಿಯ ಇಂಚನ್ನು 1.6ರಿಂದ ಗುಣಿಸಿ, 12ರಿಂದ ಭಾಗಿಸಿದರೆ ಕೂರುವ ದೂರ ಅಡಿಯಲ್ಲಿ ಸಿಗುತ್ತದೆ. 43 ಇಂಚಿಗೆ ಆರು ಅಡಿಗೆ ತುಸು ಕಡಿಮೆ, 55 ಇಂಚಿಗೆ ಏಳೂಕಾಲು ಅಡಿಗೆ ತುಸು ಹೆಚ್ಚು, 65 ಇಂಚಿಗೆ ಎಂಟೂಮುಕ್ಕಾಲರ ಸುತ್ತ. ಹತ್ತಡಿ ಅಗಲದ ಹಾಲ್‌ನಲ್ಲಿ ಸೋಫಾ ಎದುರು ಗೋಡೆಗೆ ತಾಗಿಕೊಂಡಿದ್ದರೆ ಕಣ್ಣಿಗೂ ಪರದೆಗೂ ಎಂಟು ಅಡಿ ಉಳಿಯುತ್ತದೆ. ಅಲ್ಲಿ 55 ಇಂಚು ಚೆನ್ನಾಗಿ ಹೊಂದುತ್ತದೆ, ಎಚ್‌ಡಿ ಚಿತ್ರ ಬರುವುದಾದರೆ.

ಎಸ್‌ಡಿಯೇ ಬರುವುದಾದರೆ ಲೆಕ್ಕ ತಿರುಗುತ್ತದೆ. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. ಆ ಪ್ರಕಾರ 55 ಇಂಚಿನ ಪರದೆಯ ಮೇಲೆ ಎಸ್‌ಡಿ ಚಿತ್ರದ ಒರಟುತನ ಕಾಣದಿರಬೇಕಾದರೆ ಹದಿಮೂರು ಅಡಿಗೂ ಆಚೆ ಕೂರಬೇಕು. ಅಷ್ಟು ದೊಡ್ಡ ಹಾಲ್ ಇರುವವರು ಮೂವತ್ತು ಸಾವಿರದ ಟಿವಿಗೆ ನಿಮ್ಮ ಅಂಗಡಿಗೆ ಬರುವುದು ಅಪರೂಪ. ಇದೇ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ ಏಳಡಿ ಸಾಕು. ಎಂಟಡಿ ದೂರದಲ್ಲಿ ಕೂತವರಿಗೆ 55 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸ ಕಂಡೂ ಕಾಣದಷ್ಟು. 4ಕೆ ಬೇಡವೆಂದು ನಾನು ಹೇಳುತ್ತಿಲ್ಲ, ಈ ಅಳತೆಯ ಟಿವಿಗಳೆಲ್ಲ ಈಗ ಹೇಗೂ 4ಕೆಯೇ. ಆ ಹೆಸರಿಗಾಗಿ ಹೆಚ್ಚು ಹಣ ಕೊಡಿಸಬೇಡಿ ಎಂದಷ್ಟೇ ನನ್ನ ಮಾತು. ನೆಟ್‌ಫ್ಲಿಕ್ಸಿನಲ್ಲಿ 4ಕೆ ಸಿಗುವುದು ಅತ್ಯಂತ ದುಬಾರಿ ಪ್ಲಾನಿನಲ್ಲಿ ಮಾತ್ರ, ಗಂಟೆಗೆ 7 ಜಿಬಿವರೆಗೆ ಡೇಟಾ ಬೇಕು ಎಂದು ಆ ಕಂಪನಿಯೇ ಹೇಳುತ್ತದೆ. ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಟಿವಿ ನೋಡುವ ಮನೆಗೆ ಇದರಿಂದ ಆಗಬೇಕಾದ್ದೇನೂ ಇಲ್ಲ.

ಪೆಟ್ಟಿಗೆಯ ಮೇಲಿನ ಅಕ್ಷರಗಳ ವಿಷಯದಲ್ಲಿ ನಿಮ್ಮಿಂದ ಇನ್ನಷ್ಟು ನೇರ ಮಾತು ಬೇಕು. ಎಲ್‌ಇಡಿ ಟಿವಿ ಅಂದರೆ ಹಿಂದಿನಿಂದ ಎಲ್‌ಇಡಿ ದೀಪ ಬೆಳಗುವ ಎಲ್‌ಸಿಡಿ ಪರದೆ. ಕ್ಯೂಎಲ್‌ಇಡಿ ಅಂದರೂ ಅದೇ ಎಲ್‌ಸಿಡಿ, ಬಣ್ಣ ಗಾಢವಾಗಿ ಬರಲೆಂದು ನಡುವೆ ಕ್ವಾಂಟಮ್ ಡಾಟ್ ಪದರ ಸೇರಿಸಿರುತ್ತಾರೆ. ಒಎಲ್‌ಇಡಿ ಮಾತ್ರ ಬೇರೆ ಜಾತಿ, ಅಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಆರಿದಾಗ ಪೂರ್ತಿ ಕಪ್ಪಾಗುತ್ತದೆ. ಅದು ಈ ಬಜೆಟ್ಟಿಗೆ ಬರುವುದಿಲ್ಲ. ಕ್ಯೂ ಅಕ್ಷರವನ್ನು ಒ ಎಂದು ಓದಿಕೊಂಡು ಸಂತೋಷಪಡುತ್ತಿರುವ ಗಿರಾಕಿಯನ್ನು ಆ ತಿಳಿವಳಿಕೆಯಲ್ಲೇ ಮನೆಗೆ ಕಳಿಸುವುದು ಸರಿಯಲ್ಲ.

ಬೆಳಕು ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ವಿಚಾರವೂ ಹೀಗೆಯೇ. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಥವಾ ಅದಕ್ಕೂ ಮೀರಿದ ಬೆಳಕಿಗೆ ಹೊಂದಿಸಿ ತಯಾರಿಸುತ್ತಾರೆ. ಈ ಬೆಲೆಯ ಟಿವಿಗಳ ಬೆಳಕು ಬಹುತೇಕ 250ರಿಂದ 350ರ ಆಸುಪಾಸು. ಪೆಟ್ಟಿಗೆಯ ಮೇಲೆ ಎಚ್‌ಡಿಆರ್10, ಡಾಲ್ಬಿ ವಿಷನ್ ಎಂದು ಇದ್ದರೆ ಆ ಬಗೆಯ ಸಿಗ್ನಲನ್ನು ಟಿವಿ ಗುರುತಿಸಬಲ್ಲದು ಎಂದು ಅರ್ಥ. ಅಷ್ಟು ಬೆಳಕನ್ನು ಕೊಡಬಲ್ಲದೇ ಎಂಬುದಕ್ಕೆ ಆ ಮುದ್ರೆ ಉತ್ತರವಲ್ಲ. ನಿಟ್ಸ್ ಎಷ್ಟು ಎಂದು ಕೇಳಿದವರಿಗೆ ಅಂಕಿ ಹೇಳಿ, ಕಂಪನಿಯವರು ಕೊಟ್ಟಿಲ್ಲವಾದರೆ ಕೊಟ್ಟಿಲ್ಲವೆಂದೇ ಹೇಳಿ. ಹಗಲು ಹೊತ್ತು ಕಿಟಕಿ ಬೆಳಕು ನೇರ ಬೀಳುವ ಹಾಲ್‌ಗೆ ಈ ಒಂದು ಅಂಕಿ ಉಳಿದೆಲ್ಲ ಮುದ್ರೆಗಳಿಗಿಂತ ಹೆಚ್ಚು ಉಪಯೋಗದ್ದು. ಕಿಟಕಿಯ ಎದುರು ಗೋಡೆಗೆ ಟಿವಿ ಹಾಕಬೇಡಿ ಎಂದು ತಿಳಿಸಿದರೆ ಅದೂ ಒಂದು ಸೇವೆ.

120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಪರದೆ, ಬೇಕೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ನಮ್ಮ ಚಾನೆಲ್ಲುಗಳ ಪ್ರಸಾರ ಸೆಕೆಂಡಿಗೆ 50ರ ಲೆಕ್ಕದ್ದು, ಸಿನಿಮಾ 24 ಚೌಕಟ್ಟಿನದು. ಮನೆಯಲ್ಲಿ ವಿಡಿಯೊ ಗೇಮ್ ಆಡುವವರಿಲ್ಲದಿದ್ದರೆ 60 ಹರ್ಟ್ಸ್ ಪರದೆ ಧಾರಾಳ ಸಾಕು. 120 ಹರ್ಟ್ಸಿಗೆ ಕೊಡುವ ದುಡ್ಡನ್ನು ಒಳ್ಳೆಯ ಪ್ಯಾನೆಲ್ಲಿಗೆ ಕೊಡಲಿ.

ಪ್ಯಾನೆಲ್ ಅಂದೆ. ಎಲ್‌ಸಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ: ವಿಎ ಮತ್ತು ಐಪಿಎಸ್. ವಿಎಯಲ್ಲಿ ಕಪ್ಪು ಹೆಚ್ಚು ಕಪ್ಪಾಗಿ ಕಾಣುತ್ತದೆ, ಕತ್ತಲ ದೃಶ್ಯಗಳು ಚೆನ್ನ, ಆದರೆ ಪಕ್ಕದಿಂದ, ಕೆಳಗಿನಿಂದ ನೋಡಿದರೆ ಬಣ್ಣ ಮಾಸುತ್ತದೆ. ಐಪಿಎಸ್‌ನಲ್ಲಿ ಕಪ್ಪು ಬೂದಿಯಂತೆ, ಆದರೆ ಎಲ್ಲಿ ಕೂತು ನೋಡಿದರೂ ಚಿತ್ರ ಹೆಚ್ಚುಕಡಿಮೆ ಒಂದೇ. ವಿದೇಶದ ವಿಮರ್ಶಕರು ಸಾಮಾನ್ಯವಾಗಿ ವಿಎಯನ್ನೇ ಹೊಗಳುತ್ತಾರೆ. ಅಲ್ಲಿ ಒಬ್ಬಿಬ್ಬರು ಟಿವಿಯ ನೇರಕ್ಕೆ ಸೋಫಾದಲ್ಲಿ ಕೂತು, ದೀಪ ಆರಿಸಿ ನೋಡುತ್ತಾರೆ. ನಮ್ಮಲ್ಲಿ ಅಜ್ಜ ಕುರ್ಚಿಯಲ್ಲಿ, ಅಜ್ಜಿ ಬಾಗಿಲ ಪಕ್ಕ, ಮಕ್ಕಳು ಚಾಪೆಯ ಮೇಲೆ, ಅಡುಗೆಮನೆಯಿಂದ ಇಣುಕಿ ನೋಡುವ ಸೊಸೆ, ಮೇಲೆ ಟ್ಯೂಬ್‌ಲೈಟ್. ಇಂಥ ಮನೆಗೆ ಐಪಿಎಸ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಪ್ಯಾನೆಲ್ ಎಂದು ಪೆಟ್ಟಿಗೆಯ ಮೇಲೆ ಬರೆದಿಲ್ಲದಿದ್ದರೆ, ಗಿರಾಕಿಯನ್ನು ಟಿವಿಯ ಪಕ್ಕಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿ, ಒಮ್ಮೆ ಕೆಳಗೆ ಕೂರಿಸಿ. ಉತ್ತರ ಅವರ ಕಣ್ಣಿಗೇ ಸಿಗುತ್ತದೆ.

ಗೋಡೆಗೆ ಹಾಕುವ ಎತ್ತರವೂ ಇದಕ್ಕೆ ಸೇರಿದ ಮಾತೇ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ, ಚಾಪೆಯ ಮೇಲೆ ಕೂತವರದು ಇನ್ನೂ ಕೆಳಗೆ. ಪರದೆಯ ನಡುಭಾಗ ಆ ಎತ್ತರದ ಹತ್ತಿರ ಇರಬೇಕು. ಫಿಟಿಂಗಿಗೆ ಬರುವ ಹುಡುಗರು ಹಳೆಯ ರೂಢಿಯಂತೆ ಬಾಗಿಲ ತಲೆಪಟ್ಟಿಯ ಮಟ್ಟಕ್ಕೆ ಮೊಳೆ ಹೊಡೆದು ಹೋಗುತ್ತಾರೆ, ವಯಸ್ಸಾದವರಿಗೆ ಕತ್ತುನೋವು ಉಳಿಯುತ್ತದೆ.

ಷೋರೂಮಿನಲ್ಲಿ ಟಿವಿಗಳು ಓಡುವ ಅಂಗಡಿ ಮೋಡ್ ಬಗ್ಗೆಯೂ ಹೇಳಬೇಕು. ಬೆಳಕು ನೂರಕ್ಕೆ ನೂರು, ಬಣ್ಣ ಕಣ್ಣು ಕುಕ್ಕುವಷ್ಟು, ಬಿಳಿಗೆ ನೀಲಿ ಛಾಯೆ. ನೂರಾರು ದೀಪಗಳ ಅಂಗಡಿಯಲ್ಲಿ ಎದ್ದು ಕಾಣಲೆಂದು ಮಾಡಿದ ಏರ್ಪಾಡು ಅದು. ಕೊಳ್ಳುವವರು ಒಪ್ಪುವ ಮೊದಲು ಒಮ್ಮೆ ಸಿನಿಮಾ ಮೋಡ್‌ಗೆ ಹಾಕಿ ತೋರಿಸಿ, ಚರ್ಮದ ಬಣ್ಣ ಚರ್ಮದಂತೆ ಕಾಣುತ್ತದೆಯೇ ನೋಡಲಿ. ಮನೆಯಲ್ಲೂ ಬೆಳಕನ್ನು ಅರುವತ್ತು ಎಪ್ಪತ್ತಕ್ಕೆ ಇಳಿಸಿಕೊಳ್ಳಲು ತಿಳಿಸಿ. ಈ ವರ್ಗದ ಟಿವಿಗಳು ಕೆಟ್ಟರೆ ಸಾಮಾನ್ಯವಾಗಿ ಕೆಡುವುದು ಹಿಂದಿನ ಎಲ್‌ಇಡಿ ಪಟ್ಟಿಗಳು. ಮಾತು ಕೇಳಿಸುತ್ತದೆ, ಪರದೆ ಕಪ್ಪು. ಪೂರ್ತಿ ಬೆಳಕಿನಲ್ಲಿ ಓಡಿಸಿದಷ್ಟೂ ಆ ಪಟ್ಟಿಗಳು ಬಿಸಿಯಾಗಿ ಬೇಗ ಸವೆಯುತ್ತವೆ. ಪಟ್ಟಿ ಸುಟ್ಟರೆ ಊರಿನ ಮೆಕ್ಯಾನಿಕ್ಕೇ ಬದಲಿಸಿ ಕೊಡಬಲ್ಲ. ಪರದೆ ಒಡೆದರೆ ಮಾತ್ರ ಹೊಸ ಟಿವಿಯ ಬೆಲೆಯ ದೊಡ್ಡ ಪಾಲೇ ಬೇಕು. ಎರಡರ ವ್ಯತ್ಯಾಸ ತಿಳಿಯದೆ ಎಷ್ಟೋ ಮನೆಯವರು ಒಳ್ಳೆಯ ಟಿವಿಯನ್ನು ಗುಜರಿಗೆ ಹಾಕಿದ್ದಾರೆ.

ಇಷ್ಟು ದೊಡ್ಡ ಪರದೆ ಇಷ್ಟು ಕಡಿಮೆಗೆ ಹೇಗೆ ಸಿಗುತ್ತಿದೆ ಎಂದು ಕೊಳ್ಳುವವರು ಕೇಳುತ್ತಾರೆ, ಕೇಳಬೇಕಾದದ್ದೇ. ಒಂದು ಕಾರಣ ಗಾಜು. 2200 ಗುಣಿಸು 2500 ಮಿಲಿಮೀಟರಿನ ಒಂದು ಗಾಜಿನ ಹಾಳೆಯಿಂದ 55 ಇಂಚಿನ ಆರು ಪರದೆ ಹೆಚ್ಚು ವ್ಯರ್ಥವಿಲ್ಲದೆ ಕೊಯ್ಯಬಹುದು. ಅದಕ್ಕೇ ಈ ಅಳತೆ ಜಗತ್ತಿನಾದ್ಯಂತ ಅಗ್ಗವಾಯಿತು. ಪರದೆಯ ಮೂಲ ಭಾಗ ಬಹುಪಾಲು ಚೀನಾದಿಂದ ಬರುತ್ತದೆ, ಇಲ್ಲಿ ಜೋಡಣೆ ನಡೆಯುತ್ತದೆ. ಇನ್ನೊಂದು ಕಾರಣ ಟಿವಿ ಮಾರಿದ ಮೇಲೂ ಅದರಿಂದ ಬರುವ ಆದಾಯ. ತೆರೆದ ಕೂಡಲೇ ಕಾಣುವ ಜಾಹೀರಾತು, ಮನೆಯವರು ಏನು ನೋಡುತ್ತಾರೆಂಬ ಮಾಹಿತಿ, ಇವಕ್ಕೆಲ್ಲ ಬೆಲೆಯಿದೆ. ಅಮೆರಿಕದಲ್ಲಿ ವಿಜಿಯೊ ಎಂಬ ಕಂಪನಿ ಸುಮಾರು 1.1 ಕೋಟಿ ಟಿವಿಗಳಿಂದ ನೋಡುಗರ ಒಪ್ಪಿಗೆಯಿಲ್ಲದೆ ಹೀಗೆ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಹೊಸ ಟಿವಿಯನ್ನು ಮೊದಲ ಸಲ ಹಚ್ಚಿದಾಗ ಒಪ್ಪಿಗೆ ಕೇಳುವ ಪುಟಗಳು ಒಂದರ ಹಿಂದೊಂದು ಬರುತ್ತವೆ. ಫಿಟಿಂಗಿಗೆ ಹೋದವರು ಅವಸರದಲ್ಲಿ ಎಲ್ಲದಕ್ಕೂ ಒಪ್ಪಿಗೆ ಒತ್ತಿಬಿಡುತ್ತಾರೆ. ಅದು ಆ ಮನೆಯವರ ಒಪ್ಪಿಗೆ, ಅವರನ್ನೇ ಕೇಳಿ ಒತ್ತಿ.

ಸ್ಮಾರ್ಟ್ ಭಾಗಕ್ಕೆ ಮಹತ್ವ ಕಡಿಮೆ ಕೊಡಿ ಎನ್ನುವುದಕ್ಕೂ ಕಾರಣವಿದೆ. ಪರದೆ ಎಂಟು ವರ್ಷ ಬಾಳಬಹುದು, ಒಳಗಿನ ತಂತ್ರಾಂಶ ಅಷ್ಟು ಬಾಳುವುದಿಲ್ಲ. 2019ರ ಡಿಸೆಂಬರಿನಲ್ಲಿ ಸ್ಯಾಮ್‌ಸಂಗ್‌ನ ಕೆಲವು ಹಳೆಯ ಸ್ಮಾರ್ಟ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಹಾಗಾದ ದಿನ ಕೆಲವು ಸಾವಿರದ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಎಚ್‌ಡಿಎಂಐಗೆ ಚುಚ್ಚಿಕೊಂಡರೆ ಟಿವಿ ಮತ್ತೆ ಹೊಸದಾಗುತ್ತದೆ. ಕೆಟ್ಟ ಪ್ಯಾನೆಲ್ಲನ್ನು ಹಾಗೆ ಬದಲಿಸಲು ಬರುವುದಿಲ್ಲ. ಎಚ್‌ಡಿಎಂಐ ಕಿಂಡಿ ಮೂರಿರಲಿ: ಒಂದು ಸೆಟ್‌ಟಾಪ್ ಬಾಕ್ಸಿಗೆ, ಒಂದು ಸ್ಟಿಕ್ಕಿಗೆ, ಒಂದು ಸೌಂಡ್‌ಬಾರಿಗೆ. ತೆಳ್ಳನೆಯ ಟಿವಿಯ ಸ್ಪೀಕರುಗಳಿಂದ ಕಿವಿ ಮಂದವಾದ ಹಿರಿಯರಿಗೆ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ಮುಂದೊಂದು ದಿನ ಸೌಂಡ್‌ಬಾರ್ ಬೇಕಾಗಬಹುದು.

ಸರ್ವೀಸ್ ಬಗ್ಗೆ ನೀವು ಕೊಡುವ ಮಾತು ಎಲ್ಲಕ್ಕಿಂತ ಭಾರದ್ದು. ಇದೇ ಬಜೆಟ್ಟಿಗೆ ಹೆಸರಾದ ಕಂಪನಿಯ 43 ಇಂಚು ಸಿಗುತ್ತದೆ, ಹೊಸ ಹೆಸರಿನ 55 ಇಂಚೂ ಸಿಗುತ್ತದೆ. ಹೆಸರು ಹಳೆಯದಾಗಿ ಕಂಡರೂ ತಯಾರಕರು ಬೇರೆ ಇರುವುದುಂಟು. ಫ್ರಾನ್ಸಿನ ಥಾಮ್ಸನ್, ಅಮೆರಿಕದ ಕೊಡಾಕ್, ಜರ್ಮನಿಯ ಬ್ಲೌಪಂಕ್ಟ್ ಹೆಸರುಗಳಲ್ಲಿ ನಮ್ಮದೇ ದೇಶದ ಸೂಪರ್ ಪ್ಲಾಸ್ಟ್ರಾನಿಕ್ಸ್ ಸಂಸ್ಥೆ ಪರವಾನಗಿ ಪಡೆದು ಟಿವಿ ತಯಾರಿಸಿ ಮಾರಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಟಿವಿ ಕೆಟ್ಟಾಗ ಫೋನ್ ಎತ್ತುವವರು ಯಾರು, ಸರ್ವೀಸ್‌ನವರು ಈ ತಾಲ್ಲೂಕಿಗೆ ಬರುತ್ತಾರೋ ಅಥವಾ ನಾಲ್ಕು ಅಡಿಯ ಪರದೆಯನ್ನು ಟೆಂಪೊದಲ್ಲಿ ಜಿಲ್ಲಾಕೇಂದ್ರಕ್ಕೆ ಸಾಗಿಸಬೇಕೋ, ಇದನ್ನು ಬಿಲ್ಲಿನ ಹಿಂದೆ ಬರೆದು ಕೊಡಿ. ನಮ್ಮ ನೆರೆಮನೆಯೊಂದರಲ್ಲಿ ವಾರಂಟಿ ಇದ್ದ ಟಿವಿ, ಬಿಡಿಭಾಗ ಬಂದಿಲ್ಲವೆಂದು ಮಳೆಗಾಲ ಮುಗಿಯುವವರೆಗೆ ಮುಸುಕು ಹಾಕಿಕೊಂಡು ಕೂತಿತ್ತು. ದಿನವಿಡೀ ಮನೆಯಲ್ಲೇ ಇರುವ ಅಲ್ಲಿನ ಅಜ್ಜಿಗೆ ಅದೊಂದೇ ಜೊತೆ. ಇಂಥ ಸಂದರ್ಭಕ್ಕೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವೇ ಇಲ್ಲ ಎಂಬುದು ಆ ಮನೆಯವರಿಗೆ ಗೊತ್ತಿರಲಿಲ್ಲ.

ಇನ್ನು ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ 30,000 ಇದ್ದ ಟಿವಿ 38,400ರಿಂದ 35,400ಕ್ಕೆ ಬಂದಂತಾಯಿತು. ಮೂರು ಸಾವಿರ ರೂಪಾಯಿಯ ಉಳಿತಾಯ ದೊಡ್ಡದೇ. ಆ ಉಳಿತಾಯವನ್ನು ತೋರಿಸಿ ಗಿರಾಕಿಯನ್ನು ಇನ್ನೂ ಒಂದು ಅಳತೆ ಮೇಲಕ್ಕೆ ಹತ್ತಿಸುವುದು ಈಗ ಅಂಗಡಿಗಳಲ್ಲಿ ನಡೆಯುತ್ತಿದೆ. ದಯವಿಟ್ಟು ಬೇಡ. ಆ ಮೂರು ಸಾವಿರ ಎಚ್‌ಡಿ ಬಾಕ್ಸಿಗೆ ಹೋಗಲಿ, ಮನೆಯವರಿಗೆ ಅದರಿಂದ ಆಗುವ ಉಪಕಾರ ಹೆಚ್ಚು.

ಬಡ್ಡಿಯಿಲ್ಲದ ಕಂತು ಎಂಬ ಮಾತನ್ನಂತೂ ನಿಲ್ಲಿಸಬೇಕು. ಶೂನ್ಯ ಬಡ್ಡಿ ಎಂಬುದೇ ಅಸ್ತಿತ್ವದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಎಲ್ಲೋ ಒಂದು ಕಡೆ ಸೇರಿಯೇ ಇರುತ್ತದೆ: ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ತಪ್ಪುತ್ತದೆ, ಪ್ರೋಸೆಸಿಂಗ್ ಶುಲ್ಕ ಸೇರುತ್ತದೆ, ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ಪೂರ್ತಿ ನಗದು ಕೊಟ್ಟರೆ ಎಷ್ಟು, ಕಂತಿನಲ್ಲಿ ಎಲ್ಲ ಸೇರಿ ಎಷ್ಟು ಎಂದು ಎರಡೂ ಮೊತ್ತವನ್ನು ಒಂದೇ ಚೀಟಿಯಲ್ಲಿ ಬರೆದು ಗಿರಾಕಿಯ ಕೈಗೆ ಕೊಡಿ. ಕಂತೇ ಬೇಕೆನ್ನುವವರು ಆಮೇಲೂ ಕಂತನ್ನೇ ಆರಿಸಿಕೊಳ್ಳುತ್ತಾರೆ, ತಿಳಿದು ಆರಿಸಿಕೊಳ್ಳುತ್ತಾರೆ.

ಕರೆಂಟಿನ ಲೆಕ್ಕವೂ ನಮ್ಮ ರಾಜ್ಯದಲ್ಲಿ ಈಗ ಬೇರೆಯೇ. 55 ಇಂಚಿನ ಟಿವಿ ಸಾಧಾರಣ ಬೆಳಕಿನಲ್ಲಿ ಸುಮಾರು 100 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ, ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 15 ಯೂನಿಟ್. ಹಳೆಯ 32 ಇಂಚಿನದು ಅದರ ಅರ್ಧಕ್ಕಿಂತ ಕಡಿಮೆ. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ ಸಿಗುವ ಉಚಿತ ಯೂನಿಟ್ ನಿಗದಿಯಾಗಿರುವುದು 2022–23ರ ಸರಾಸರಿ ಬಳಕೆಯ ಆಧಾರದ ಮೇಲೆ. ಆಗ ದೊಡ್ಡ ಟಿವಿ ಇರಲಿಲ್ಲ. ಅರ್ಹತೆ ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಅಂಚಿನಲ್ಲಿರುವ ಮನೆಗಳಿಗೆ ಇದನ್ನು ಮೊದಲೇ ತಿಳಿಸಿ, ಬಿಇಇ ನಕ್ಷತ್ರದ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನು ಬೆರಳಿಟ್ಟು ತೋರಿಸಿ. ಜೊತೆಗೆ ಏಪ್ರಿಲ್, ಮೇ ತಿಂಗಳಿನಲ್ಲಿ ಗುಡುಗು ಸಿಡಿಲು ಶುರುವಾದಾಗ ಪ್ಲಗ್ಗಿನಷ್ಟೇ ಮುಖ್ಯವಾಗಿ ಡಿಶ್ಶಿನ ತಂತಿಯನ್ನೂ ಕಿತ್ತಿಡಬೇಕೆಂದು ಹೇಳಿ. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಒಳಗೆ ಬರುತ್ತದೆ.

ಹಾಗಾದರೆ ಯಾವ ಟಿವಿ ಕೊಡಬೇಕು ಎಂದು ನೀವು ಕೇಳಬಹುದು. ನನ್ನ ಅಭಿಪ್ರಾಯ ಇದು. ಎಸ್‌ಡಿ ಕೇಬಲ್ಲನ್ನೇ ನೋಡುವ, ಬದಲಿಸುವ ಮನಸ್ಸಿಲ್ಲದ ಮನೆಗೆ, ಸರ್ವೀಸ್ ಊರಿಗೇ ಬರುವ ಕಂಪನಿಯ 43 ಇಂಚು ಕೊಡಿ. ಎಚ್‌ಡಿ ಬಾಕ್ಸ್ ಇದ್ದು, ಇಂಟರ್ನೆಟ್ ಇದ್ದು, ಎಂಟಡಿ ದೂರವಿದ್ದು, ಕ್ರಿಕೆಟ್ಟು ಸಿನಿಮಾ ಹೆಚ್ಚು ನೋಡುವವರಾದರೆ 55 ಇಂಚಿಗೆ ಹೋಗಲಿ, ಸಂತೋಷಪಡುತ್ತಾರೆ. ಇವೆರಡರ ನಡುವಿನವರಿಗೆ 50 ಇಂಚು ಇದೆ, ಅದನ್ನು ನೀವು ತೋರಿಸುವುದೇ ಕಡಿಮೆ. 65 ಇಂಚನ್ನು ಈ ಬಜೆಟ್ಟಿನವರಿಗೆ ತೋರಿಸಲೇಬೇಡಿ. ಅಷ್ಟು ದುಡ್ಡಿಗೆ ಅಷ್ಟು ದೊಡ್ಡ ಪರದೆ ಕೊಡಬೇಕಾದರೆ ಬೆಳಕಿನಲ್ಲೋ ಬಿಡಿಭಾಗದಲ್ಲೋ ಸರ್ವೀಸಿನಲ್ಲೋ ಎಲ್ಲಾದರೂ ಕೈ ಬಿಗಿ ಹಿಡಿದೇ ಇರುತ್ತಾರೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಅಂಗಡಿಯ ಗೋಡೆಯ ಮೇಲಿರುವ ಟಿವಿಗಳಲ್ಲಿ ಒಂದು 43 ಇಂಚು, ಒಂದು 55 ಇಂಚು ಅಕ್ಕಪಕ್ಕ ಇಟ್ಟು, ಎರಡಕ್ಕೂ ಊರಿನ ಸಾಮಾನ್ಯ ಕೇಬಲ್ ಸಂಪರ್ಕ ಕೊಡಿ. ಎಂಟಡಿ ದೂರದಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದು ಎರಡು ಕುರ್ಚಿ ಹಾಕಿ. ಕೊಳ್ಳಲು ಬಂದ ದಂಪತಿಯನ್ನು ಅಲ್ಲಿ ಕೂರಿಸಿ, ಅವರು ದಿನವೂ ನೋಡುವ ಧಾರಾವಾಹಿಯನ್ನು ಎರಡರಲ್ಲೂ ಹಚ್ಚಿ. ಮಾಲೀಕರು ಒಪ್ಪದಿದ್ದರೆ ಈ ಪತ್ರ ತೋರಿಸಿ. ದಸರಾ, ದೀಪಾವಳಿಯ ಮಾರಾಟ ಶುರುವಾಗುವ ಮೊದಲು ಇದಿಷ್ಟು ಮಾಡಿ. ಕೊಳ್ಳುವವರಲ್ಲೂ ನನ್ನದೊಂದು ವಿನಂತಿಯಿದೆ: ಅಂಗಡಿಯಲ್ಲಿ ಇಂಥ ಏರ್ಪಾಡು ಕಾಣದಿದ್ದರೆ ನೀವೇ ಬಾಯಿಬಿಟ್ಟು ಕೇಳಿ, ಅದನ್ನು ನೋಡದೆ ಮುಂಗಡ ಕೊಡಬೇಡಿ.

ಇಂತಿ,
ನಿಮ್ಮ ಅಂಗಡಿಗೆ ಬರುತ್ತಲೇ ಇರುವ ಒಬ್ಬ ನಿವೃತ್ತ ಶಿಕ್ಷಕಿ